ಚಿನ್ನದ ಗಣಿಯೂರಿನ ಬೀದಿಗಳಲ್ಲಿ ಕಪ್ಪು-ಬಿಳುಪು ಫಿಲ್ಮು: ಒಂದು ಅಲೆದಾಟದ ಲೆಕ್ಕ

ಕೆಜಿಎಫ್‌ನ ಬೀದಿಗಳನ್ನು ಫಿಲ್ಮಿನಲ್ಲಿ, ಅದೂ ಕಪ್ಪು-ಬಿಳುಪಿನಲ್ಲಿ ತೆಗೆಯುವ ಹುಚ್ಚು ನನಗೆ ಹಿಡಿದದ್ದು 2024ರ ಬೇಸಿಗೆಯಲ್ಲಿ. ಈಗ ಕೆಲಸ ಮುಗಿದಿದೆ. ಪ್ರಿಂಟುಗಳು ಸೇರಬೇಕಾದವರ ಮನೆ ಸೇರಿವೆ. ಇದೇ ದಾರಿ ಹಿಡಿಯಬೇಕೆಂದಿರುವವರು ಒಂದು ಡಬ್ಬಿ ರಾಸಾಯನಿಕಕ್ಕಾಗಿ ಕೋಲಾರ-ಬೆಂಗಳೂರು ಬಸ್ಸಿನಲ್ಲಿ ನನ್ನಷ್ಟು ಧೂಳು ಕುಡಿಯುವುದು ಬೇಡ ಎಂದು ಬರೆಯುತ್ತಿದ್ದೇನೆ. ನಾನು ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹಾಗಾಗಿ ನಡುನಡುವೆ ರೂಪಾಯಿಯ ಮಾತು ಬಂದೇ ಬರುತ್ತದೆ, ಸಹಿಸಿಕೊಳ್ಳಿ.

ಕೆಜಿಎಫ್ ಯಾಕೆ ಎಂದರೆ, ಆ ಊರಿಗೆ ಯಜಮಾನರು ಬದಲಾಗುತ್ತಲೇ ಬಂದಿದ್ದಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನದಾಗಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರು ಬಂತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ತೀರ್ಮಾನಗಳೆಲ್ಲ ಆದದ್ದು ಲಂಡನ್ನಿನಲ್ಲಿ, ಬೆಂಗಳೂರಿನಲ್ಲಿ, ದೆಹಲಿಯಲ್ಲಿ. ಆದರೆ ಅವುಗಳ ಗುರುತು ಉಳಿದಿರುವುದು ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂನ ಗೋಡೆಗಳ ಮೇಲೆ. ಇಂಗ್ಲಿಷ್ ಅಕ್ಷರದ ಹಳೆಯ ನಾಮಫಲಕ, ಅದರ ಮೇಲೆ ಕಾರ್ಮಿಕ ಸಂಘದ ತಮಿಳು ಬರಹ, ಅದರ ಮೇಲೆ ಸುಣ್ಣ, ಸುಣ್ಣದ ಮೇಲೆ ಕಳೆದ ಚುನಾವಣೆಯ ಅಭ್ಯರ್ಥಿಯ ಅರ್ಧ ಮುಖ. ಇಂಥ ಗೋಡೆಯ ಮುಂದೆ ಒಬ್ಬ ಮನುಷ್ಯ ನಡೆದುಹೋದರೆ ನನಗೆ ಬೇಕಾದ ಚಿತ್ರ ಅಲ್ಲಿತ್ತು.

ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನದು ಹಳೆಯ ಪೆಂಟಾಕ್ಸ್ ಕೆ1000. ಶಟರು ಪೂರ್ತಿ ಯಾಂತ್ರಿಕ, ಬೆಳಕು ಅಳೆಯುವ ಮೀಟರಿಗೆ ಮಾತ್ರ ಗುಂಡಿಯಂಥ ಒಂದು ಬ್ಯಾಟರಿ. ಹಳೆಯ ಕ್ಯಾಮೆರಾ ಕೊಳ್ಳುವವರು ಹಿಂಬದಿಯ ಬಾಗಿಲು ತೆರೆದು ಅಂಚಿನ ಕಪ್ಪು ಸ್ಪಂಜನ್ನು ಬೆರಳಿನಲ್ಲಿ ಒತ್ತಿ ನೋಡಿ. ಅದು ಅಂಟಂಟಾಗಿದ್ದರೆ ಬೆಳಕು ಒಳಗೆ ನುಸುಳಿ ಫಿಲ್ಮಿನ ಮೇಲೆ ಗೆರೆ ಎಳೆಯುತ್ತದೆ. ಹೊಸ ಸ್ಪಂಜು ಹಾಕಿಸುವುದು ದೊಡ್ಡ ಖರ್ಚಲ್ಲ.

ಫಿಲ್ಮಿನದೇ ಖರ್ಚು. ಇಲ್ಫರ್ಡ್ ಎಚ್‌ಪಿ5 ರೋಲು ನಾನು ಕೊಂಡಾಗ ಒಂದಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಕ್ಲಿಕ್ಕುಗಳು ಮೂವತ್ತಾರು. ಒಂದೊಂದು ಕ್ಲಿಕ್ಕಿಗೆ ಒಂದು ಕಾಫಿಯ ದುಡ್ಡು ಹೋಗುತ್ತಿದೆ ಎಂಬ ಎಣಿಕೆ ತಲೆಯಲ್ಲಿ ಓಡತೊಡಗಿದರೆ ಬೆರಳು ಮುಂದಕ್ಕೆ ಹೋಗುವುದಿಲ್ಲ. ಆಮೇಲೆ ನೂರು ಅಡಿಯ ಸುರುಳಿಯನ್ನೇ ತರಿಸಿಕೊಂಡೆ. ಖಾಲಿ ಡಬ್ಬಿಗಳಿಗೆ ಕತ್ತಲೆಯಲ್ಲಿ ನಾವೇ ಸುತ್ತಿಕೊಂಡರೆ ಒಂದು ಸುರುಳಿಗೆ ಸುಮಾರು ಹದಿನೆಂಟು ರೋಲು ಬರುತ್ತವೆ, ಖರ್ಚು ಅರ್ಧದಷ್ಟಲ್ಲದಿದ್ದರೂ ಗಮನಕ್ಕೆ ಬರುವಷ್ಟು ಇಳಿಯುತ್ತದೆ. ನಮ್ಮ ಮೆಟ್ರೊದಲ್ಲಿ ಬ್ಯಾಗನ್ನು ಎಕ್ಸ್‌ರೇ ಯಂತ್ರದೊಳಗೆ ಬಿಡಬೇಕಲ್ಲ, ಎಚ್‌ಪಿ5ರಂಥ 400 ವೇಗದ (ವೇಗವೆಂದರೆ ಬೆಳಕಿಗೆ ಫಿಲ್ಮು ಎಷ್ಟು ಸೂಕ್ಷ್ಮ ಎಂಬ ಅಳತೆ) ಫಿಲ್ಮಿಗೆ ಒಂದೆರಡು ಸಲ ಅದರಿಂದ ಏನೂ ಆಗುವುದಿಲ್ಲ. ನಾನು ಕೈಯಲ್ಲಿ ಹಿಡಿದು ತೋರಿಸುತ್ತೇನೆಂದು ವಾದಿಸಿ, ಹಿಂದೆ ನಿಂತವರಿಂದ ಬೈಸಿಕೊಂಡು, ಕಡೆಗೆ ಯಂತ್ರದೊಳಗೇ ಬಿಟ್ಟೆ. ಫಿಲ್ಮು ಚೆನ್ನಾಗಿಯೇ ಇತ್ತು.

ಇನ್ನು ಅನುಮತಿ. ಬೀದಿಗೆ ಯಾರ ಅನುಮತಿಯೂ ಬೇಕಿಲ್ಲ. ಆದರೆ ಗಣಿಯ ಶಾಫ್ಟುಗಳು (ನೆಲದಾಳಕ್ಕೆ ಇಳಿಯುವ ಬಾವಿಗಳು), ಬೇಲಿ ಹಾಕಿದ ಯಂತ್ರಾಗಾರಗಳು ಬೇರೆ ವಿಷಯ. ಅಲ್ಲಿ ಕಾವಲುಗಾರರಿದ್ದಾರೆ, ಇರಬೇಕಾದದ್ದೇ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದ್ದು. ಬಾಯಿ ಮುಚ್ಚದ ಹಳೆಯ ಗುಂಡಿಗಳ ಹತ್ತಿರ ಫೋಟೊಗಾಗಿ ಹೋಗುವುದು ಶುದ್ಧ ಅವಿವೇಕ. ನಾನು ಸಂಬಂಧಪಟ್ಟ ಒಂದು ಕಚೇರಿಗೆ ಅರ್ಜಿ ಬರೆದೆ. ಆಧಾರ್ ಪ್ರತಿ, ಉದ್ದೇಶ ತಿಳಿಸುವ ಪತ್ರ, ವ್ಯಾಪಾರಕ್ಕೆ ಬಳಸುವುದಿಲ್ಲವೆಂಬ ಮುಚ್ಚಳಿಕೆ, ಎರಡು ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ. ಭಾವಚಿತ್ರ ಬಣ್ಣದ್ದೇ ಇರಬೇಕು ಎಂದರು. ಮೇಜಿನಿಂದ ಮೇಜಿಗೆ ಹೋಗಿ ಕೊನೆಗೆ "ಮೇಲಿನವರಿಗೆ ಕಳುಹಿಸಬೇಕು" ಎಂಬ ಮಾತಿನಲ್ಲಿ ಕಾಗದ ನಿಂತಿತು. ಟೊಮೆಟೊ ಸುಗ್ಗಿ ಬಂದು ಹೋಯಿತು, ಕಾಗದ ಬರಲಿಲ್ಲ. ಬೇಲಿಯೊಳಗಿನದನ್ನು ಕೈಬಿಟ್ಟೆ. ಹಾಗೆ ನೋಡಿದರೆ ಒಳ್ಳೆಯದೇ ಆಯಿತು. ಶಾಫ್ಟಿನ ಗೋಪುರಗಳ ಚಿತ್ರ ಎಲ್ಲರ ಬಳಿಯೂ ಇದೆ.

ಕೆಜಿಎಫ್‌ಗೆ ತನ್ನದೇ ಪೊಲೀಸ್ ಜಿಲ್ಲೆ ಇದೆ. ಯಾರಾದರೂ ದೂರು ಕೊಟ್ಟರೆ ಮುಜುಗರವಾಗದಿರಲಿ ಎಂದು ಠಾಣೆಗೆ ಒಂದು ಮಾಹಿತಿ ಪತ್ರ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಇದಕ್ಕೆ ದುಡ್ಡೂ ಹೋಗಲಿಲ್ಲ, ಕಾಯುವ ಕೆಲಸವೂ ಇರಲಿಲ್ಲ. ಕಾಗದ ಜೇಬಿನಲ್ಲಿದ್ದರೆ ಧೈರ್ಯ. ಆದರೆ ಅದನ್ನು ಜೇಬಿನಿಂದ ಹೊರಗೆ ತೆಗೆಯುವ ಮುನ್ನ ಮುಂದಿನದನ್ನು ಓದಿ.

ಗಣಿ ಮುಚ್ಚಿದ ಮೇಲೂ ಸಾವಿರಾರು ಕುಟುಂಬಗಳು ಕಂಪನಿಯ ಕಾಲದ ಸಾಲುಮನೆಗಳಲ್ಲೇ ಇವೆ. ಅಲ್ಲಿನವರು ಅವನ್ನು ಲೈನ್ ಮನೆಗಳು ಎನ್ನುತ್ತಾರೆ. ತಲೆ ತಗ್ಗಿಸಿ ಒಳಗೆ ಹೋಗಬೇಕಾದ ಬಾಗಿಲು, ತಗಡಿನ ಸೂರು, ಎರಡು ಸಾಲುಗಳ ನಡುವೆ ಮೂರು ಜನ ಸಲೀಸಾಗಿ ನಡೆಯಲಾಗದ ಓಣಿ. ಇಲ್ಲಿ ಯಾರ ಕಣ್ಣಿಗೂ ಬೀಳದಂತೆ ಚಿತ್ರ ತೆಗೆಯುತ್ತೇನೆ ಎಂಬುದು ಸುಳ್ಳು. ನೀವು ಓಣಿಯ ಬಾಯಿಗೆ ಬರುವಷ್ಟರಲ್ಲೇ ಕೊನೆಯ ಮನೆಗೆ ಸುದ್ದಿ ಮುಟ್ಟಿರುತ್ತದೆ. ಮೊದಲ ಬಾರಿ ಕ್ಯಾಮೆರಾ ಎತ್ತಿದಾಗ ನಲ್ಲಿಯ ಬಳಿ ಇದ್ದ ಹೆಂಗಸೊಬ್ಬರು ಕೊಡ ಕೆಳಗಿಟ್ಟು ನೇರವಾಗಿ ಬಂದರು.

"ಅಳತೆಗೆ ಬಂದಿದ್ದೀರಾ?"

"ಇಲ್ಲಮ್ಮ, ಸುಮ್ಮನೆ ಫೋಟೊ."

"ಸುಮ್ಮನೆ ಯಾರು ಬರುತ್ತಾರೆ ಇಲ್ಲಿಗೆ? ಹಿಂದೆಯೂ ಬಂದು ಮನೆಮನೆಯ ಫೋಟೊ ಹಿಡಿದುಕೊಂಡು ಹೋದರು. ಆಮೇಲೆ ಏನಾಯಿತು ಎಂದು ಯಾರೂ ಬಂದು ಹೇಳಲಿಲ್ಲ."

ನಾನು ಠಾಣೆಯ ಮೊಹರಿನ ಕಾಗದ ತೋರಿಸಿದೆ. ಅಷ್ಟೇ ಸಾಕಾಯಿತು, ಇನ್ನೂ ನಾಲ್ಕು ಜನ ಸೇರಿದರು. ಮೊಹರು ಇದೆಯೆಂದರೆ ಸರ್ಕಾರದವನು, ಸರ್ಕಾರದವನೆಂದರೆ ಮನೆ ಖಾಲಿ ಮಾಡಿಸುವವನು. ಅವರ ತರ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. 2024ರಲ್ಲೇ ಸೈನೈಡ್ ದಿಬ್ಬಗಳಿಂದ (ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡೆಗಳಿಂದ) ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾದಿರುವ ಜನ, ಕೆಲಸ ಬರುತ್ತದೆಯೋ ಮನೆ ಹೋಗುತ್ತದೆಯೋ ಎಂದು ಲೆಕ್ಕ ಹಾಕುತ್ತಿದ್ದ ಹೊತ್ತಿನಲ್ಲಿ ನಾನು ಕುತ್ತಿಗೆಗೆ ಕ್ಯಾಮೆರಾ ತೂಗುಹಾಕಿಕೊಂಡು ಹೋಗಿದ್ದೆ. ಹುಡುಗರದು ಇನ್ನೊಂದು ಪ್ರಶ್ನೆ: "ಸಿನಿಮಾದವರಾ ಅಣ್ಣ?" ಊರಿನ ಹೆಸರಿನಲ್ಲಿ ಸಿನಿಮಾ ಬಂದ ಮೇಲೆ ದಿಬ್ಬದ ಮೇಲೆ ರೀಲ್ಸ್ ಮಾಡಲು ಬರುವವರ ಸಂಖ್ಯೆ ಜಾಸ್ತಿಯಾಗಿದೆ. ಅವರು ಊರೊಳಗೆ ಕಾಲಿಡುವುದೇ ಇಲ್ಲ ಎಂಬುದು ಹುಡುಗರ ದೂರು.

ಇದರಿಂದ ನನ್ನನ್ನು ಪಾರು ಮಾಡಿದವನು ನಮ್ಮ ಮಂಡಿಗೆ ಲಾರಿ ಓಡಿಸುವ ಆಂಡರ್‌ಸನ್‌ಪೇಟೆಯ ಅಣ್ಣ. ಅವನ ತಂದೆ ಗಣಿಯಲ್ಲಿದ್ದವರು. ಅವನು ತಮಿಳಿನಲ್ಲಿ ಎರಡು ಮಾತಾಡಿದರೆ ನಾನು ಕನ್ನಡದಲ್ಲೂ ತೆಲುಗಿನಲ್ಲೂ ಅರ್ಧ ಗಂಟೆ ವಿವರಿಸಿದ್ದಕ್ಕಿಂತ ಹೆಚ್ಚು ಕೆಲಸವಾಗುತ್ತಿತ್ತು. ಅವನೇ ಒಂದು ಉಪಾಯವನ್ನೂ ಹೇಳಿದ: "ನೀನು ತೆಗೆದದ್ದನ್ನು ಮೊದಲು ಅವರಿಗೇ ತಂದು ತೋರಿಸು. ತೆಗೆದುಕೊಂಡು ಹೋದವರನ್ನು ಅವರು ತುಂಬಾ ನೋಡಿದ್ದಾರೆ, ತಂದುಕೊಟ್ಟವರನ್ನು ನೋಡಿಲ್ಲ." ಅಲ್ಲಿಂದ ಮುಂದೆ ನನ್ನ ಕ್ರಮ ಬದಲಾಯಿತು. ಪ್ರತಿ ಸಲ ಹೋಗುವಾಗ ಹಿಂದಿನ ರೋಲಿನ ಕಾಂಟ್ಯಾಕ್ಟ್ ಶೀಟು, ಎಂದರೆ ಇಡೀ ರೋಲಿನ ಅಂಚೆಚೀಟಿಯಷ್ಟು ಚಿಕ್ಕ ಚಿತ್ರಗಳು ಒಂದೇ ಹಾಳೆಯ ಮೇಲಿರುವುದು, ಚೀಲದಲ್ಲಿ ಇರುತ್ತಿತ್ತು. ಅದನ್ನು ಕೈಯಿಂದ ಕೈಗೆ ದಾಟಿಸಿ ಯಾರು ಯಾರೆಂದು ಗುರುತು ಹಿಡಿಯುತ್ತಾ ನಗಲು ಶುರು ಮಾಡಿದ ಮೇಲೆ ಅಳತೆಯ ಮಾತು ನಿಂತಿತು. ಬೇಡವೆಂದವರ ಚಿತ್ರದ ಮೇಲೆ ಅವರೆದುರೇ ಕೆಂಪು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದೆ. ಒಳ್ಳೊಳ್ಳೆಯವು ಹೋದವು. ಹೋಗಲಿ.

ಬೆಳಕಿನ ಬಗ್ಗೆ ಒಂದು ಮಾತು. ದಿಬ್ಬಗಳು ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತವೆ, ಅವನ್ನು ನೋಡಿದ ಮೀಟರು ಬೆಳಕು ಬಹಳ ಇದೆ ಎಂದು ಹೇಳಿ ಮನುಷ್ಯರನ್ನೆಲ್ಲ ಇದ್ದಿಲಾಗಿಸುತ್ತದೆ. ನಾನು ನನ್ನ ಅಂಗೈಯನ್ನು ಅಳೆದು ಒಂದು ಸ್ಟಾಪು, ಎಂದರೆ ಬೆಳಕನ್ನು ಎರಡರಷ್ಟು, ಹೆಚ್ಚಿಸಿಕೊಳ್ಳುತ್ತಿದ್ದೆ. ಗಾಳಿಗಾಲದಲ್ಲಿ ಅಲ್ಲಿಂದ ಏಳುವ ಸಣ್ಣ ಧೂಳು ಹಲ್ಲಿನ ನಡುವೆ ಕರಕರ ಎನ್ನುತ್ತದೆ. ಆಗ ಬೀದಿಯಲ್ಲಿ ಕ್ಯಾಮೆರಾ ತೆರೆದು ರೋಲು ಬದಲಿಸಿದರೆ ಒಂದು ಕಣ ಸಾಕು, ರೋಲಿನ ಉದ್ದಕ್ಕೂ ಗೀರು. ಯಾರದಾದರೂ ಮನೆಯೊಳಗೆ ಹೋಗಿ ಬದಲಿಸಿ. ಕಾಫಿಯೂ ಸಿಗುತ್ತದೆ.

ಇನ್ನು ಮನೆಯ ಕೆಲಸ. ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ಡೆವಲಪರ್‌ನ ಸಿದ್ಧ ಪೊಟ್ಟಣ ಸಿಗುವುದು ತಡವಾಗುತ್ತಿದ್ದುದರಿಂದ ಡಿ-76 ಎಂಬ ಡೆವಲಪರನ್ನು ನಾನೇ ಬೆರೆಸಿದೆ. 1927ರಿಂದ ಬಳಕೆಯಲ್ಲಿರುವ ಸೂತ್ರ ಅದು: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಇದೇ ಅನುಕ್ರಮದಲ್ಲಿ, ಬಿಸಿನೀರಿನಲ್ಲಿ, ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದು. ಸಲ್ಫೈಟ್ ಮೊದಲು ಸುರಿದರೆ ಮೆಟಾಲ್ ಕರಗುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಇವನ್ನು ಕೊಳ್ಳುವುದೇ ಒಂದು ಪ್ರಹಸನ. ಬೆಂಗಳೂರಿನ ರಾಸಾಯನಿಕದ ಅಂಗಡಿಗಳಲ್ಲಿ "ಯಾವ ಕಾಲೇಜು? ಲೆಟರ್‌ಹೆಡ್ ಎಲ್ಲಿ?" ಎನ್ನುತ್ತಾರೆ. ಟೊಮೆಟೊ ಮಂಡಿಯ ಲೆಟರ್‌ಹೆಡ್ ನೋಡಿ ಒಬ್ಬರು ಬಾಗಿಲು ತೋರಿಸಿದರು. ಕೊನೆಗೆ ಫೋಟೊ ಸ್ಟುಡಿಯೋ ಒಂದರ ಬಿಲ್ಲಿನ ಮೇಲೆ ಸಿಕ್ಕಿತು, ಆ ಸ್ಟುಡಿಯೋದ ಕಥೆ ಮುಂದಿದೆ.

ನೀರು ಕೋಲಾರದವರಿಗೆ ಹೊಸ ತಲೆನೋವಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರಿನಲ್ಲಿ ಫಿಲ್ಮು ತೊಳೆದು ಒಣಗಿಸಿದರೆ ನೆಗೆಟಿವ್ ತುಂಬ ಬಿಳಿ ಚುಕ್ಕೆ. ಆಕಾಶದಲ್ಲಿ ಹಗಲಲ್ಲೇ ನಕ್ಷತ್ರ ಕಾಣುತ್ತದೆ. ದಾರಿ ಸುಲಭ: ತೊಳೆಯಲು ನಲ್ಲಿ ನೀರು ಸಾಕು, ಔಷಧ ಬೆರೆಸಲು ಮತ್ತು ಕೊನೆಯದಾಗಿ ಅದ್ದಿ ತೆಗೆಯಲು ಮಾತ್ರ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಕೊನೆಯ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಒಂದು ಹನಿ. ಎರಡಾದರೆ ನೊರೆ.

ಬಿಸಿಲುಗಾಲದ ತೊಂದರೆ ಇನ್ನೊಂದು. ಪುಸ್ತಕಗಳೆಲ್ಲ 20 ಡಿಗ್ರಿ ಎನ್ನುತ್ತವೆ. ಏಪ್ರಿಲ್‌ನಲ್ಲಿ ನಮ್ಮ ಮನೆಯ ತಾರಸಿ ಟ್ಯಾಂಕಿನ ನೀರು ಸ್ನಾನಕ್ಕೇ ಸುಡುತ್ತದೆ. ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಕೆಟ್ಟಿನ ನೀರಿನಲ್ಲಿ ತೇಲಿಬಿಟ್ಟು, ಆ ನೀರಿನೊಳಗೆ ಔಷಧದ ಬಾಟಲಿಗಳನ್ನು ನಿಲ್ಲಿಸುತ್ತಿದ್ದೆ. ಇಪ್ಪತ್ತಕ್ಕೆ ಇಳಿಸಲು ಹೆಣಗಬೇಡಿ, 24ರಲ್ಲಿ ನಿಂತರೆ ಸಾಕು. ಸಮಪ್ರಮಾಣದಲ್ಲಿ ನೀರು ಬೆರೆಸಿದ ಡಿ-76ರಲ್ಲಿ ಎಚ್‌ಪಿ5ಕ್ಕೆ 20 ಡಿಗ್ರಿಯಲ್ಲಿ 11 ನಿಮಿಷವಾದರೆ 24ರಲ್ಲಿ 8ರ ಸುತ್ತಮುತ್ತ. ಡೆವಲಪರ್, ಹೈಪೋ (ಮೂಡಿದ ಚಿತ್ರವನ್ನು ನಿಲ್ಲಿಸುವ ದ್ರಾವಣ), ತೊಳೆಯುವ ನೀರು ಎಲ್ಲವೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರುವುದು ಮುಖ್ಯ.

ಪ್ರಿಂಟು ಹಾಕಿದ್ದು ಕೋಲಾರದ ಹಳೆಯ ಸ್ಟುಡಿಯೋ ಒಂದರ ಹಿಂಬದಿಯ ಕೋಣೆಯಲ್ಲಿ. ಯಜಮಾನರಿಗೆ ಎಪ್ಪತ್ತು ದಾಟಿದೆ, ಈಗ ಮಗ ಕಂಪ್ಯೂಟರಿನಲ್ಲಿ ಮದುವೆ ಆಲ್ಬಂ ಮಾಡುತ್ತಾನೆ. ನೆಗೆಟಿವನ್ನು ಹಿಗ್ಗಿಸಿ ಕಾಗದಕ್ಕೆ ಬೀಳಿಸುವ ಎನ್ಲಾರ್ಜರಿನ ಮೇಲೆ ಹಳೆಯ ಸೀರೆ ಹೊದಿಸಿಟ್ಟಿದ್ದರು. ಲೆನ್ಸಿಗೆ ಬೂಷ್ಟು ಹಿಡಿದಿತ್ತು, ಅದನ್ನು ಬಿಚ್ಚಿ ಒರೆಸುವಾಗ ಅವರ ಕೈ ನಡುಗಲಿಲ್ಲ. ಗೂಡಿನಲ್ಲಿ "ಇಂದು" ಫಿಲ್ಮಿನ ಖಾಲಿ ಡಬ್ಬಿಗಳು ಇದ್ದವು. ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನವು. 1960ರಲ್ಲಿ ಸ್ಥಾಪನೆಯಾದ ಆ ಸರ್ಕಾರಿ ಕಾರ್ಖಾನೆಯೂ ಈಗ ಮುಚ್ಚಿದೆ. ಚಿನ್ನ ತೆಗೆಯುತ್ತಿದ್ದ ಸರ್ಕಾರಿ ಕಂಪನಿಯ ಊರನ್ನು ಬೆಳ್ಳಿ ಲೇಪಿಸುತ್ತಿದ್ದ ಸರ್ಕಾರಿ ಕಂಪನಿಯ ಫಿಲ್ಮಿನಲ್ಲಿ ತೆಗೆಯುವ ಅವಕಾಶ ನನಗೆ ತಪ್ಪಿಹೋಯಿತು. ಕತ್ತಲಕೋಣೆಯ ನಿಜವಾದ ವೈರಿ ವಿದ್ಯುತ್ತು. ಎಣಿಸಿ ಬೆಳಕು ಬಿಡುತ್ತಿರುವಾಗ ಕರೆಂಟು ಹೋದರೆ ಆ ಹಾಳೆ ಬುಟ್ಟಿಗೆ. ಶಿವನಸಮುದ್ರದಿಂದ ಕೆಜಿಎಫ್‌ಗೆ 1902ರಲ್ಲೇ ವಿದ್ಯುತ್ ಹರಿದಿತ್ತು ಎಂದು ನಾನು ಗೊಣಗಿದರೆ, "ಅದಕ್ಕೇ ಇಲ್ಲಿಗೆ ಉಳಿದಿಲ್ಲ" ಎನ್ನುತ್ತಿದ್ದರು ಯಜಮಾನರು.

ಮೊದಲ ಪ್ರಿಂಟುಗಳು ಟ್ರೇಯಲ್ಲಿ ಮೂಡಿದಾಗ ಅವರು ಕೆಂಪು ದೀಪದಡಿ ಬಗ್ಗಿ ನೋಡಿ, "ಇವು ಯಾವಾಗಿನವು, ಎಪ್ಪತ್ತೈದರವಾ?" ಎಂದರು. ಕಳೆದ ತಿಂಗಳಿನವು ಸರ್ ಎಂದೆ. ಅವರು ಮಾತಾಡಲಿಲ್ಲ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕಪ್ಪು-ಬಿಳುಪಿಗೆ ಒಂದು ಕೆಟ್ಟ ಚಟ ಇದೆ, ಸವೆದ ಊರನ್ನು ಕೈಗೆ ಕೊಟ್ಟರೆ ಸತ್ತ ಊರೆಂದು ತೋರಿಸಿಬಿಡುತ್ತದೆ. ಬಿರುಕು ಬಿಟ್ಟ ಗೋಡೆ, ಕೋಲೂರಿದ ಮುದುಕ, ಖಾಲಿ ಓಣಿ ಇಷ್ಟಿದ್ದರೆ ನೋಡಿದವರು ಅಯ್ಯೋ ಎನ್ನುತ್ತಾರೆ. ಆ ಅಯ್ಯೋ ಅಗ್ಗದ್ದು. ಕೆಜಿಎಫ್ ಸತ್ತಿಲ್ಲ. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ನಿಂತು ನೋಡಿದವರು ಯಾರೂ ಹಾಗೆ ಹೇಳಲಾರರು. ಅಂದಿನಿಂದ ನನಗೆ ನಾನೇ ಹಾಕಿಕೊಂಡ ಕಟ್ಟು: ಚೌಕಟ್ಟಿನೊಳಗೆ ಈ ಹೊತ್ತಿನದು ಏನಾದರೂ ಇರಲೇಬೇಕು. ಬೋಂಡಾ ಗಾಡಿಯ ಮೇಲಿನ ಕ್ಯೂಆರ್ ಚೀಟಿ, ತಗಡಿನ ಸೂರಿನ ಮೇಲಿನ ಡಿಶ್ ತಟ್ಟೆ, ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗಿ. ಕ್ಯೂಆರ್ ಚೀಟಿಯಂತೂ ಹುಟ್ಟಿನಿಂದಲೇ ಕಪ್ಪು-ಬಿಳುಪು, ಪ್ರಿಂಟಿನಲ್ಲಿ ಅದಕ್ಕಿಂತ ಚೂಪಾಗಿ ಬಂದದ್ದು ಬೇರೊಂದಿಲ್ಲ.

ಮಾರಿಕುಪ್ಪಂನ ರೈಲಿಗಾಗಿ ಆಂಡರ್‌ಸನ್‌ಪೇಟೆಯ ಅಣ್ಣನ ಮನೆಯಲ್ಲಿ ರಾತ್ರಿ ಉಳಿಯುತ್ತಿದ್ದೆ. ಕೋಲಾರದಿಂದ ಹೊರಟರೆ ಆ ಹೊತ್ತಿಗೆ ಮುಟ್ಟಲಾಗುವುದಿಲ್ಲ. ಗಣಿಗೆಂದು 1894ರಲ್ಲಿ ಹಾಕಿದ ಆ ಕವಲು ಹಳಿಯ ಮೇಲೆ ಈಗ ಬೆಂಗಳೂರಿಗೆ ಕೂಲಿಗೆ, ಕಾರ್ಖಾನೆಗೆ, ಆಸ್ಪತ್ರೆ ಕೆಲಸಕ್ಕೆ ಹೋಗುವವರು ತುಂಬಿ ತುಳುಕುತ್ತಾರೆ. ನಿಲ್ದಾಣದೊಳಗೆ ನಿಯಮದ ತಕರಾರು ಬೇಡವೆಂದು ಹೊರಗಿನ ರಸ್ತೆಯಲ್ಲೇ ನಿಂತೆ. ಬುತ್ತಿ ಚೀಲ ಹಿಡಿದು ಓಡುವ ಹೆಂಗಸರು, ಓಡುತ್ತಲೇ ತಲೆ ಬಾಚಿಕೊಳ್ಳುವವರು. ಬೀದಿದೀಪದ ಬೆಳಕಿನಲ್ಲಿ ಫಿಲ್ಮನ್ನು 1600 ವೇಗದ್ದೆಂದು ಭಾವಿಸಿ ತೆಗೆದು, ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಟ್ಟೆ. ಕಾಳುಕಾಳಾಗಿ ಬಂತು. ಕಾಲುಗಳೆಲ್ಲ ಅಲುಗಿವೆ. ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಚಿತ್ರಗಳು ಅವೇ.

ಒಂದು ಭಾನುವಾರ ರಾಬರ್ಟ್‌ಸನ್‌ಪೇಟೆಯ ಚಿಕ್ಕ ಸಭಾಂಗಣವೊಂದರಲ್ಲಿ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಪ್ರಿಂಟುಗಳನ್ನು ತೂಗುಬಿಟ್ಟೆ. ಮುಹೂರ್ತದ ದಿನಗಳಲ್ಲಿ ಸಭಾಂಗಣ ಕೇಳಲೇಬೇಡಿ, ಬಾಡಿಗೆ ಮೂರು ಪಟ್ಟು. ಚಿತ್ರದಲ್ಲಿದ್ದವರು ಸಂಜೆ ತಮ್ಮ ತಮ್ಮ ಪ್ರಿಂಟನ್ನು ಕಿತ್ತುಕೊಂಡು ಹೋಗಬಹುದೆಂದು ಮೊದಲೇ ಹೇಳಿದ್ದೆ. ನಲ್ಲಿಯ ಬಳಿ ನನ್ನನ್ನು ತಡೆದಿದ್ದ ಅಮ್ಮ ತಮ್ಮದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ನನ್ನ ಅರಿಶಿನ ಬಣ್ಣದ ಸೀರೆ ಇದರಲ್ಲಿ ಬೂದಿಯಾಗಿದೆಯಲ್ಲಪ್ಪ" ಎಂದರು. ಮೊಬೈಲಿನಲ್ಲಿ ಬಣ್ಣದ್ದೊಂದು ತೆಗೆದು, ಸ್ಟುಡಿಯೋದ ಮಗನಿಂದ ಪ್ರಿಂಟು ಹಾಕಿಸಿ ಕಳುಹಿಸಿದೆ. ಅದನ್ನು ಕಟ್ಟು ಹಾಕಿಸಿ ಗೋಡೆಗೆ ಏರಿಸಿದ್ದಾರಂತೆ. ನನ್ನದು ಬೀರುವಿನಲ್ಲಿದೆ.

ಕಡೆಯ ಕೆಲವು ಮಾತು. ಒಟ್ಟು ಖರ್ಚಿನಲ್ಲಿ ಫಿಲ್ಮಿಗಿಂತ ಪ್ರಿಂಟಿನ ಕಾಗದ ಹೆಚ್ಚು ತಿಂದಿತು. ಪರೀಕ್ಷೆಗೆ ಪೂರ್ತಿ ಹಾಳೆ ಬಳಸದೆ ಸೀಳಿ ಪಟ್ಟಿ ಮಾಡಿಕೊಳ್ಳಿ. ನೆಗೆಟಿವ್‌ಗಳನ್ನು ಅವಕ್ಕೆಂದೇ ಇರುವ ತೆಳು ಲಕೋಟೆಗಳಲ್ಲಿ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಮಳೆಗಾಲ ಕಳೆದ ಮೇಲೆ ಒಮ್ಮೆ ತೆರೆದು ನೋಡಿ. ಬಳಸಿ ಮುಗಿದ ಹೈಪೋವನ್ನು ಚರಂಡಿಗೆ ಸುರಿಯಬೇಡಿ. ಫಿಲ್ಮಿನಿಂದ ಬಿಟ್ಟ ಬೆಳ್ಳಿಯೆಲ್ಲ ಅದರಲ್ಲೇ ಇರುತ್ತದೆ, ಎಕ್ಸ್‌ರೇ ಕೇಂದ್ರಗಳಿಂದ ಅದನ್ನು ಕೊಳ್ಳುವವರು ಇದ್ದಾರೆ. ಯಜಮಾನರು ಹಳೆಯ ಪರಿಚಯದವನೊಬ್ಬನನ್ನು ಕರೆಸಿದರು. ಅವನು ಹೈಪೋ ತುಂಬಿದ ಡಬ್ಬವನ್ನು ಅಲ್ಲಾಡಿಸಿ, ಮೂಸಿ, ಇಬ್ಬರ ಊಟಕ್ಕಾಗುವಷ್ಟು ಕೊಟ್ಟು ಹೋದ. ನನ್ನ ಲೆಕ್ಕದ ಪುಸ್ತಕದಲ್ಲಿ ಜಮೆಯ ಕಡೆ ಇರುವುದು ಆ ಒಂದು ಸಾಲು ಮಾತ್ರ.